ಡ್ರಾಫ್ಟ್‌ನ ವಾರ ಬಂದ ವಿಡಿಯೋ

ನಾನು ಬೇಸ್‌ಬಾಲ್ ನೋಡಲು ಶುರುಮಾಡಿದ್ದು ನಲವತ್ತು ದಾಟಿದ ಮೇಲೆ, ಮೆಲ್ಬರ್ನ್‌ನಲ್ಲಿ, ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಆಗಷ್ಟೇ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನ ಐಟಿ ವಿಭಾಗಕ್ಕೆ ಸೇರಿದ್ದೆ. ಮನೆಯಿದ್ದ ಟಾರ್ನೀಟ್‌ನಿಂದ ರೈಲು, ಆಮೇಲೆ ಟ್ರಾಮ್. ಮಧ್ಯಾಹ್ನ ಬಿಸಿಲು ಬಂದರೆ ನೀರಿನ ಅಂಚಿನ ಬೆಂಚಿನ ಮೇಲೆ ಊಟ. ಒಂದು ದಿನ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಫೋನ್ ನೋಡುತ್ತಾ ಕೂತಿದ್ದವರೊಬ್ಬರು ತೊಡೆ ತಟ್ಟಿಕೊಂಡು, "ಬಿಟ್ಟ ನೋಡಪಾ! ಕೈಯಾಗ ಬಂದಿದ್ದನ್ನ ಬಿಟ್ಟ!" ಅಂದರು.

ಮೈಸೂರಿನವಳಾದ ನನ್ನ ಕಿವಿಗೆ ಆ ಹುಬ್ಬಳ್ಳಿ ಕನ್ನಡ ಬಿದ್ದದ್ದೇ ತಡ, ಸಂಕೋಚ ಬಿಟ್ಟು ಕೇಳಿದೆ. "ಯಾವ ಮ್ಯಾಚು? ಇವತ್ತು ಇಂಡಿಯಾ ಆಡ್ತಿಲ್ವಲ್ಲ?"

"ಕ್ರಿಕೆಟ್ ಅಲ್ರಿ, ಬೇಸ್‌ಬಾಲ್," ಎಂದು ಫೋನನ್ನು ನನ್ನ ಕಡೆ ತಿರುಗಿಸಿದವರು, ಒಂದು ಕ್ಷಣ ತಡೆದು, "ಅರೆ, ನೀವು ಕನ್ನಡದವ್ರೇನ್ರಿ?" ಎಂದು ನಕ್ಕರು.

ನಮ್ಮದೇ ಕಟ್ಟಡದ ಬೇರೊಂದು ಮಹಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದವನು ಅವನು. ನನಗಿಂತ ಚಿಕ್ಕವನು. ಕೆಲವೇ ವಾರಗಳಲ್ಲಿ ನಾನು ಅವನ ಬಾಯಲ್ಲಿ ಅಕ್ಕಾರ ಆದೆ. ನನ್ನ ಬಾಯಲ್ಲೂ 'ಅವರು' ಹೋಗಿ 'ಅವನು' ಬಂತು. ಆಸ್ಟ್ರೇಲಿಯಾಕ್ಕೆ ಬರುವ ಮುಂಚೆ ಅವನು ಅಮೆರಿಕದಲ್ಲಿ ಕೆರೆಯಂಥ ಸಮುದ್ರದ, ಅಲ್ಲ, ಸಮುದ್ರದಂಥ ಕೆರೆಯ ಪಕ್ಕದ ಒಂದು ಊರಿನಲ್ಲಿ ಕೆಲಸಕ್ಕಿದ್ದನಂತೆ. ಆ ಊರಿನ ಟೀಮೇ ಅವನ ಟೀಮು. ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಅಲ್ಲಿಯ ಸಂಜೆಯ ಆಟ ನಮಗೆ ಬೆಳಿಗ್ಗೆ ಶುರುವಾಗಿ ಊಟದ ಹೊತ್ತಿಗೆ ಕೊನೆಗೆ ಬರುತ್ತದೆ. ಹಾಗಾಗಿ ಅವನು ಊಟದ ಹೊತ್ತಿನಲ್ಲಿ ತಪ್ಪದೆ ಬೆಂಚಿಗೆ ಬರುತ್ತಿದ್ದ, ತಪ್ಪದೆ ಸಂಕಟಪಡುತ್ತಿದ್ದ.

ನನಗೆ ಹಿಡಿಸಿದ್ದು ಆಟದ ನಿಧಾನ. ಒಂದೊಂದು ಟೀಮಿಗೆ ಒಂಬತ್ತು ಸಣ್ಣ ಸಣ್ಣ ಇನ್ನಿಂಗ್ಸ್. ಚೆಂಡೆಸೆಯುವವನು, ಪಿಚರ್ ಅನ್ನುತ್ತಾರೆ, ಒಂದೊಂದು ಎಸೆತಕ್ಕೂ ಮುಂಚೆ ಏನೋ ಮರೆತುಬಂದವನ ಹಾಗೆ ನಿಂತು ಯೋಚಿಸುತ್ತಾನೆ. ಆ ಯೋಚನೆಯ ಹೊತ್ತಿನಲ್ಲಿ ನಾವು ಎಷ್ಟೋ ಮಾತಾಡಬಹುದಿತ್ತು. ಬಾಡಿಗೆ, ಇಲ್ಲೇ ನೆಲೆಸಲು ಬೇಕಾದ ಪಿಆರ್, ಮಕ್ಕಳ ಇಂಗ್ಲಿಷು, ಟಾರ್ನೀಟ್‌ನ ಅಂಗಡಿಗೆ ಬದನೆಕಾಯಿ ಬಂದಿದೆಯೋ ಇಲ್ಲವೋ, ಎಲ್ಲ.

ಸಿಡ್ನಿಯ ಅಂಕಲ್ ನಮಗೆ ಸಿಕ್ಕಿದ್ದು ಇವನ ಮೂಲಕವೇ. ಗೆಳೆಯರ ಮನೆಗೆಂದು ಸಿಡ್ನಿಗೆ ಹೋಗಿದ್ದವನು ಅಲ್ಲಿಯ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ರೇಷ್ಮೆ ಜುಬ್ಬಾ ಪಂಚೆಯ ಮೇಲೆ ನಮ್ಮ ಟೀಮಿನ ಟೋಪಿ ಹಾಕಿಕೊಂಡಿದ್ದ ಹಿರಿಯರೊಬ್ಬರನ್ನು ಕಂಡು, ಊಟದ ಸಾಲು ಬಿಟ್ಟು ಓಡಿಹೋಗಿ ಮಾತಾಡಿಸಿದ್ದ. ಅವರು ಮೈಸೂರಿನವರು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಚಿಕ್ಕ ವಯಸ್ಸಿನಲ್ಲಿ ಆ ಕೆರೆಯ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದು, ಆಮೇಲೆ ಸಿಡ್ನಿಗೆ ಬಂದು, ನಿವೃತ್ತರಾಗಿ ಅಲ್ಲಿಯ ಗಿರಾವೀನ್ ಅನ್ನುವ ಸಬರ್ಬ್‌ನಲ್ಲಿ ನೆಲೆಸಿದ್ದರು. ಅವರ ಹೆಂಡತಿಯೂ ಡಾಕ್ಟರು, ಮಕ್ಕಳ ಡಾಕ್ಟರು. ಮಗಳು ಸಿಡ್ನಿಯದೇ ಇನ್ನೊಂದು ಸಬರ್ಬ್‌ನಲ್ಲಿದ್ದಳು. ವಾರಕ್ಕೊಮ್ಮೆ ಬಂದುಹೋಗುತ್ತಿದ್ದಳು, ಬೇಸ್‌ಬಾಲ್ ಮಾತು ಬಂದರೆ ಎದ್ದುಹೋಗುತ್ತಿದ್ದಳು.

ಹೀಗೆ ನಮ್ಮ ಮೂವರ ವಾಟ್ಸಾಪ್ ಗ್ರೂಪ್ ಹುಟ್ಟಿತು. ಅಂಕಲ್ ಟೈಪ್ ಮಾಡುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದರು. ಪ್ರತಿ ಸಲವೂ "ಹಲೋ, ನಾನು ಮಾತಾಡ್ತಿರೋದು" ಎಂದೇ ಶುರು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು, ಅದರ ನಡುವೆ ಆಂಟಿಯ ದನಿ ಬರುತ್ತಿತ್ತು. ಹೆಸರಿಗೆ ಗ್ರೂಪಿನಲ್ಲಿ ಮೂವರು, ಲೆಕ್ಕಕ್ಕೆ ನಾಲ್ವರು.

ಆಂಟಿಗೆ ದಿನದ ಆಟಕ್ಕಿಂತ ಡ್ರಾಫ್ಟ್ ಮುಖ್ಯ. ವರ್ಷಕ್ಕೊಮ್ಮೆ, ನಮ್ಮ ಚಳಿಗಾಲದಲ್ಲಿ, ಅಲ್ಲಿಯ ಟೀಮುಗಳು ಸರದಿಯ ಮೇಲೆ ಹೈಸ್ಕೂಲು, ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟು. ನಮ್ಮ ಕ್ರಿಕೆಟ್ಟಿನ ಹಾಗೆ ಹರಾಜಲ್ಲ. ಸರದಿ ಬಂದ ಟೀಮು ಒಂದು ಹೆಸರು ಹೇಳುತ್ತದೆ, ಆ ಹುಡುಗ ಅವರವನಾಗುತ್ತಾನೆ. ಆದರೆ ಮರುದಿನವೇ ದೊಡ್ಡ ಮೈದಾನಕ್ಕೆ ಬರುವುದಿಲ್ಲ. ಸಣ್ಣ ಸಣ್ಣ ಊರುಗಳ ಕೆಳಗಿನ ಟೀಮುಗಳಲ್ಲಿ ವರ್ಷಗಟ್ಟಲೆ ಆಡಬೇಕು. ಬಹಳ ಮಂದಿ ಮೇಲೆ ಬರುವುದೇ ಇಲ್ಲ.

ಅಂಕಲ್ ಆಂಟಿ ಪ್ರತಿ ವರ್ಷ ತಲೆಗೊಬ್ಬ ಹುಡುಗನನ್ನು ಆರಿಸಿಕೊಂಡು, ಅವನು ಎಲ್ಲಿಗೆ ಹೋದ, ಹೇಗಿದ್ದಾನೆ ಎಂದು ವರ್ಷಗಟ್ಟಲೆ ವಿಚಾರಿಸುತ್ತಿದ್ದರು. ಅಂಕಲ್, ಆಟದ ಪಂಡಿತರು ಬರೆದದ್ದನ್ನೆಲ್ಲ ಓದಿ ಆರಿಸುವವರು. ಆಂಟಿಯದು ಬೇರೆಯೇ ದಾರಿ. ಆ ಹುಡುಗರು ಮನೆಯ ಹಿತ್ತಲಲ್ಲಿ ಚೆಂಡೆಸೆಯುವ ಹಳೆಯ ವಿಡಿಯೋಗಳನ್ನು ಹುಡುಕಿ ನೋಡುತ್ತಿದ್ದರು. ಹುಡುಗನನ್ನಲ್ಲ, ಕ್ಯಾಮೆರಾ ಹಿಡಿದ ಅಪ್ಪನನ್ನು ಕೇಳಿಸಿಕೊಳ್ಳುತ್ತಿದ್ದರು.

"ಅಪ್ಪ ಹಿಂದಿನಿಂದ ಕಿರುಚ್ತಿದ್ರೆ ಆ ಹುಡುಗ ಬೇಡ," ಎಂದು ಒಮ್ಮೆ ಗಿರಾವೀನ್‌ನಲ್ಲಿ ನನ್ನ ತಟ್ಟೆಗೆ ಹುಳಿ ಬಡಿಸುತ್ತಾ ಹೇಳಿದ್ದರು. "ಮಗು ಸರಿಯಾಗಿ ಎಸೆದಾಗ ಸುಮ್ಮನಿದ್ದು, ತಪ್ಪಿದಾಗ 'ಪರವಾಗಿಲ್ಲ' ಅನ್ನೋ ಅಪ್ಪ ಇದ್ರೆ ಆ ಹುಡುಗನ್ನ ಕಣ್ಮುಚ್ಚಿ ತಗೋಬಹುದು. ನನ್ನ ಕ್ಲಿನಿಕ್ಕಿಗೆ ಬರೋರ್ನ ನೋಡಿ ನೋಡಿ ಗೊತ್ತಾಗಿದ್ದಮ್ಮ ಇದು."

"ಇವಳ ಹುಡುಗರು ಒಬ್ಬರೂ ಮೇಲೆ ಬಂದಿಲ್ಲ," ಎಂದರು ಅಂಕಲ್.

"ನಿಮ್ಮೋರು ಯಾರು ಬಂದಿದಾರೆ ರೀ?"

ಅದೂ ನಿಜವಾಗಿತ್ತು.

ಆಂಟಿ ಕೊನೆಯ ಸಲ ಆರಿಸಿದ್ದು ಒಬ್ಬ ಎಡಗೈ ಪಿಚರ್‌ನನ್ನು, ಜೋಳದ ಹೊಲಗಳ ನಡುವಿನ ಯಾವುದೋ ಊರಿನವನನ್ನು. ಅದಾದ ಮುಂದಿನ ಚಳಿಗಾಲಕ್ಕೆ ಆಂಟಿ ಇರಲಿಲ್ಲ. ಮೊದಲಿನಿಂದಲೂ ಇದ್ದ ಉಬ್ಬಸಕ್ಕೆ ನ್ಯುಮೋನಿಯಾ ಸೇರಿಕೊಂಡಿತು ಎಂದು ಮಗಳು ಹೇಳಿದಳು. ನಾವಿಬ್ಬರೂ ಹೋಗಿ ಬಂದೆವು. ಅಂಕಲ್ ಕೆಲವು ತಿಂಗಳು ಗ್ರೂಪಿನಲ್ಲಿ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನು ರೈಲಿನಲ್ಲಿದ್ದಾಗ ಬಂತು. "ಹಲೋ, ನಾನು ಮಾತಾಡ್ತಿರೋದು. ಅವಳ ಎಡಗೈ ಹುಡುಗ ನಿನ್ನೆ ಚೆನ್ನಾಗಿ ಎಸೆದನಂತೆ." ಅಷ್ಟೇ. ಕುಕ್ಕರ್ ಇರಲಿಲ್ಲ, ಹಿಂದಿನ ದನಿಯೂ ಇರಲಿಲ್ಲ. ಆದರೂ ನನಗೆ ಸಮಾಧಾನವಾಯಿತು.

ಕಳೆದ ವರ್ಷದ ಸೀಸನ್ ಶುರುವಾದಾಗಿನಿಂದ ಫೋನಿನಲ್ಲಿ ವಿಚಿತ್ರ ವಿಡಿಯೋಗಳು ಬರತೊಡಗಿದವು. ಕಂಪ್ಯೂಟರ್ ಹುಟ್ಟಿಸಿದವು. ಮೊದಮೊದಲು ತಮಾಷೆಯಾಗಿದ್ದವು: ಪಿಚರ್ ಎಸೆದದ್ದನ್ನು ಹಿಡಿಯುವ ನಮ್ಮ ಕ್ಯಾಚರ್ ಒಂಟೆಯ ಮೇಲೆ ಕೂತು ಮೈದಾನಕ್ಕೆ ಬರುವುದು, ಇಂಥವು. ಬರಬರುತ್ತಾ ನಗು ಹೋಯಿತು. ನಮ್ಮ ಕೋಚು ಆಟಗಾರನ ಕೆನ್ನೆಗೆ ಹೊಡೆಯುವುದು. ಎಂದೋ ತೀರಿಕೊಂಡ ಆಟಗಾರನೊಬ್ಬ ಮೈದಾನದ ಮಧ್ಯೆ ನಿಂತು ಇಂದಿನವರನ್ನು ಬೈಯುವುದು. ನೋಡಿದರೆ ಎಲ್ಲ ಸರಿ, ಆದರೆ ಹಿಂದೆ ಕೂತ ಪ್ರೇಕ್ಷಕರ ಚಪ್ಪಾಳೆಯಲ್ಲಿ ಒಬ್ಬನ ಕೈ ಪಕ್ಕದವನ ಕೈಯೊಳಗೆ ಕರಗಿಹೋಗುತ್ತಿತ್ತು. ಮಾತಾಡುವವನು ಬಾಯಿ ಮುಚ್ಚಿದ ಮೇಲೂ ಒಂದು ಪದ ಕೇಳಿಸುತ್ತಿತ್ತು. ಅಂಥ ಒಂದನ್ನು ನೋಡಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. 

ಅಂಕಲ್‌ಗೆ ಮಾತ್ರ ಅವು ನಿಜವೋ ಸುಳ್ಳೋ ಗೊತ್ತಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಆಫೀಸಿನ ಮೀಟಿಂಗಿನ ನಡುವೆ ಫೋನ್ ಬಂತು. ಅಂಕಲ್ ಫೋನ್ ಮಾಡುವವರೇ ಅಲ್ಲ; ಎದ್ದು ಹೊರಗೆ ಬಂದೆ.

"ಆ ಎಡಗೈ ಹುಡುಗ ಆಟ ಬಿಡ್ತಿದಾನಮ್ಮ. ಭುಜ ಹೋಗಿದ್ಯಂತೆ. ಅವನೇ ಅಳ್ತಾ ಹೇಳ್ತಿದಾನೆ. ವಿಡಿಯೋ ಬಂದಿದೆ."

ಕಳಿಸಿ ಎಂದೆ. ನೋಡಿದೆ. ಹುಡುಗ ಅಳುತ್ತಿದ್ದ, ಮಾತು ಉಗುಳು ನುಂಗಿಕೊಂಡು ಬರುತ್ತಿತ್ತು. ನಾನೂ ನಂಬಿದೆ. ಊಟದ ಹೊತ್ತಿಗೆ ಬೆಂಚಿನ ಮೇಲೆ ಹುಬ್ಬಳ್ಳಿಯವನಿಗೆ ತೋರಿಸಿದೆ. ಅವನು ನೋಡಿದ, ಮತ್ತೆ ನೋಡಿದ, ಆಮೇಲೆ ನಕ್ಕುಬಿಟ್ಟ. "ಅಕ್ಕಾರ, ಗ್ಲೌಸ್ ಯಾವ ಕೈಯಾಗ ಅದ ನೋಡ್ರಿ. ಎಡಗೈಲೆ ಎಸಿಯಾವ ಎಡಗೈಗೇ ಗ್ಲೌಸ್ ಹಾಕ್ಕೋತಾನೇನು?"

ಅಂಕಲ್‌ಗೆ ಹೇಳಿದೆವು. "ಗ್ಲೌಸ್ ನಾನೂ ನೋಡ್ಬೇಕಿತ್ತು," ಎಂದರು. ಅಂದಿನಿಂದ ದಿನವೂ ಒಂದಲ್ಲ ಒಂದು ವಿಡಿಯೋ ಕಳಿಸಿ "ಇದು ನಿಜಾನಾ?" ಎಂದು ಕೇಳುವುದು, ನಾವು ಪರೀಕ್ಷೆ ಮಾಡಿ ಹೇಳುವುದು ರೂಢಿಯಾಯಿತು.

ಆ ವರ್ಷದ ಡ್ರಾಫ್ಟ್‌ಗೆ ಇನ್ನು ಕೆಲವೇ ದಿನಗಳಿದ್ದವು. ಗುರುವಾರ ಬೆಳಿಗ್ಗೆ ರೈಲಿನಲ್ಲಿ ಸೀಟು ಸಿಕ್ಕಿತ್ತು. ಫೋನ್ ತೆಗೆದರೆ ಗ್ರೂಪಿನಲ್ಲಿ ಹುಬ್ಬಳ್ಳಿಯವನು ಕಳಿಸಿದ ವಿಡಿಯೋ. ಒತ್ತಿದೆ.

ಆಂಟಿ ಕೂತಿದ್ದರು. ಅಂಕಲ್‌ನ ಟೋಪಿಯನ್ನು ಆಂಟಿ ತಲೆಗೆ ಹಾಕಿಕೊಂಡು ಪಕ್ಕಕ್ಕೆ ತಿರುಗಿ ನಗುತ್ತಿದ್ದ ಒಂದು ಹಳೆಯ ಫೋಟೋ ನಮ್ಮೆಲ್ಲರ ಬಳಿ ಇತ್ತು. ಅದೇ ಫೋಟೋ ಈಗ ನಿಧಾನವಾಗಿ ನನ್ನ ಕಡೆ ತಿರುಗಿತು. ಕಣ್ಣು ಮಿಟುಕಿಸಿತು. "ಎಲ್ಲಾರಿಗೂ ನಮಸ್ಕಾರ," ಎಂದಿತು ಆಂಟಿಯ ದನಿಯಲ್ಲಿ. "ಈ ಸಲದ ಡ್ರಾಫ್ಟ್‌ನಲ್ಲಿ ನನ್ನ ಹುಡುಗನನ್ನೂ ನೀವೇ ಆರಿಸಿ. ನಾನು ನೋಡ್ತಾ ಇರ್ತೀನಿ."

ಫೋನನ್ನು ಮಗುಚಿ ಬ್ಯಾಗಿನ ಮೇಲಿಟ್ಟೆ. ಪಕ್ಕದ ಪಂಜಾಬಿ ಹೆಂಗಸು "ಸಬ್ ಠೀಕ್?" ಎಂದು ಕೇಳಿದರು. ಠೀಕ್ ಎಂದೆ. 

ಆಫೀಸಿಗೆ ಬಂದವಳು ನನ್ನ ಮಹಡಿಗೆ ಹೋಗದೆ ಅವನ ಮಹಡಿಗೆ ಹೋದೆ. ದೂರದಿಂದಲೇ ನೋಡಿ ಮುಖ ಅರಳಿಸಿದ.

"ಹೆಂಗ ಅದ ಅಕ್ಕಾರ? ದನಿ ಥೇಟ್ ಬಂದದ ಅಲ್ರಿ?"

"ಯಾರನ್ನ ಕೇಳಿ ಮಾಡ್ದೆ?"

ಅರಳಿದ್ದ ಮುಖ ಹಾಗೇ ನಿಂತಿತು. "ಅಂಕಲ್‌ಗೆ ಖುಷಿ ಆಗ್ತದ ಅಂತ ಮಾಡಿದ್ನ್ರಿ. ಡ್ರಾಫ್ಟ್ ಹತ್ರ ಬಂತು, ಒಬ್ಬರ ಕೂತು ನೋಡ್ತಾರಲ್ಲ ಅಂತ. ಆಂಟಿದು ಒಂದು ಹಳೇ ವಾಯ್ಸ್ ಮೆಸೇಜ್ ಇತ್ತು, ಅದನ್ನ ಹಾಕಿ..." ಆಮೇಲೆ ಸಣ್ಣ ದನಿಯಲ್ಲಿ ಹೇಳಿದ. "ನಮ್ಮಪ್ಪಂದೂ ಮಾಡೀನ್ರಿ. ದಿನಾ ಮುಂಜಾನೆ ನೋಡ್ತೀನಿ. ನನಗ ಛಲೋ ಅನಸ್ತದ."

ಅವನ ಅಪ್ಪ ತೀರಿಕೊಂಡದ್ದು ವೀಸಾದ ಗೊಂದಲದಲ್ಲಿ ಇವನು ಊರಿಗೆ ಹೋಗಲಾಗದ ಕಾಲದಲ್ಲಿ. ನನಗೆ ಅದು ಗೊತ್ತಿತ್ತು. ಬೈಯಬೇಕೆಂದು ಬಂದವಳಿಗೆ ಬೈಯಲು ಆಗಲಿಲ್ಲ. ಗ್ರೂಪಿನಿಂದ ಅಳಿಸು ಎಂದೆ. ಅಳಿಸಿದ. ಆದರೆ ಅಂಕಲ್ ಅಷ್ಟರಲ್ಲಿ ನೋಡಿಯಾಗಿತ್ತು. ನೀಲಿ ಗುರುತು ಬಂದಿತ್ತು.

ಆ ದಿನ ಉತ್ತರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಅವರ ಮಗಳಿಗೆ ಮಾಡಿದೆ. "ಅಪ್ಪ ಫೈನ್. ನಿನ್ನೆ ಹೋಗಿದ್ದೆ. ಫೋನ್ ಯಾಕೆ ಆಫ್ ಮಾಡಿದಾರೆ ಗೊತ್ತಿಲ್ಲ, ಕೇಳಿದ್ರೆ ಹೇಳಲ್ಲ," ಎಂದಳು. ಹುಬ್ಬಳ್ಳಿಯವನು ಆ ಮಧ್ಯಾಹ್ನ ಬೆಂಚಿಗೆ ಬಂದರೂ ಡಬ್ಬಿ ತೆರೆಯಲಿಲ್ಲ. "ಹೋಗೋಣ ನಡೀರಿ ಅಕ್ಕಾರ," ಎಂದ. ಮನೆಯಲ್ಲಿ ಹೇಳಿದಾಗ ನನ್ನ ಗಂಡ, "ಹೋಗಿ ಬಾ, ಡ್ರಾಫ್ಟ್ ಮುಗಿಸಿಕೊಂಡೇ ಬಾ," ಎಂದರು. ಶನಿವಾರ ಬೆಳಗಿನ ವಿಮಾನಕ್ಕೆ ಬುಕ್ ಮಾಡಿದೆವು.

ಗಿರಾವೀನ್ ಸ್ಟೇಷನ್ನಿನಿಂದ ಮನೆಗೆ ನಡೆದು ಹೋಗುವಾಗ ಅವನು ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದ. ಇಂಡಿಯನ್ ಅಂಗಡಿಯ ಮುಂದೆ ಕರಿಬೇವಿನ ಕಟ್ಟು ಕಂಡು, ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣಿನ ಜೊತೆ ಅದನ್ನೂ ಕೊಂಡೆ. ಬಾಗಿಲು ತೆಗೆದ ಅಂಕಲ್ ಪಂಚೆಯ ಮೇಲೆ ದಪ್ಪ ಸ್ವೆಟರ್ ಹಾಕಿದ್ದರು. ಸ್ವಲ್ಪ ಇಳಿದಿದ್ದರು, ಅಷ್ಟೇ. ಕ್ಷೌರ ಮಾಡಿಕೊಂಡಿದ್ದರು, ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಅಂಕಲ್, ನಂದು ತಪ್ಪಾತ್ರಿ..." ಎಂದು ಅವನು ಬಾಗಿಲಲ್ಲೇ ಶುರುಮಾಡಿದ.

"ಮೊದ್ಲು ಒಳಗೆ ಬಾರಯ್ಯ. ಚಳಿ ಒಳಗೆ ಬರ್ತಿದೆ."

ಉಪ್ಪಿಟ್ಟು ಮಾಡಿದ್ದರು. ನಾವು ತಿಂದು ಮುಗಿಸುವ ತನಕ ಅವರು ಆ ವಿಷಯ ಎತ್ತಲಿಲ್ಲ, ನಮ್ಮನ್ನೂ ಎತ್ತಲು ಬಿಡಲಿಲ್ಲ. ಕಾಫಿ ಲೋಟ ಹಿಡಿದು ಕೂತ ಮೇಲೆ ತಾವೇ ಹೇಳಿದರು.

"ಮೊದಲ ಸಲ ನೋಡಿದಾಗ ನಂಗೆ ಸಂತೋಷವೇ ಆಯ್ತು. ಸುಳ್ಳು ಹೇಳಲ್ಲ. ಕಣ್ಣಲ್ಲಿ ನೀರು ಬಂತು. ಮತ್ತೆ ಮತ್ತೆ ಹಾಕ್ಕೊಂಡು ನೋಡ್ದೆ. ನೋಡ್ತಾ ನೋಡ್ತಾ ಏನೋ ಸರಿಯಿಲ್ಲ ಅನ್ನಿಸೋಕೆ ಶುರುವಾಯ್ತು. ಕೈ ಸರಿಯಾಗಿದೆ, ಬೆರಳು ಸರಿಯಾಗಿದೆ, ನೀವು ಹೇಳಿಕೊಟ್ಟಿದ್ದೆಲ್ಲ ನೋಡ್ದೆ. ಆಮೇಲೆ ಹೊಳೀತು. ನೋಡಪ್ಪ, ನಾನು ಜೀವಮಾನ ಪೂರ್ತಿ ಮಲಗಿರೋ ಜನರ ಎದೆ ನೋಡ್ಕೊಂಡು ಕೂತವನು. ಏರತ್ತಾ, ಇಳಿಯತ್ತಾ, ಅಷ್ಟೇ ನನ್ನ ಕೆಲಸ. ಇವಳು ಅಷ್ಟು ಮಾತಾಡ್ತಾಳೆ, ಒಂದ್ಸಲವೂ ಉಸಿರು ತಗೊಳ್ಳಲ್ಲ."

ಹುಬ್ಬಳ್ಳಿಯವನು ಲೋಟ ಕೆಳಗಿಟ್ಟ.

"ಅದಾದ್ರೂ ಪರವಾಗಿರ್ಲಿಲ್ಲ," ಎಂದರು ಅಂಕಲ್. "ಸಂಜೆ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕ್ತಿದ್ದೆ. ದಿನಾ ನೀರು ಹಾಕುವಾಗ ಅವಳು ಬೈಯೋದು ನೆನಪಾಗತ್ತೆ. 'ರೀ, ಬುಡಕ್ಕೆ ಹಾಕಿ, ಎಲೆಗಲ್ಲ' ಅಂತ. ಅವತ್ತು ನೆನಪು ಮಾಡ್ಕೊಂಡ್ರೆ ಆ ವಿಡಿಯೋ ದನಿ ಬಂತು. ನಮಸ್ಕಾರ, ನಮಸ್ಕಾರ ಅಂತ ಅದೇ. ಅವಳ ದನಿ ಬರ್ಲೇ ಇಲ್ಲ. ಇದು ಅದರ ಮೇಲೆ ಬಂದು ಕೂತುಬಿಟ್ಟಿದೆ. ನಂಗೆ ಭಯ ಆಯ್ತಮ್ಮ. ಫೋನ್ ಆಫ್ ಮಾಡಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ."

 ಹೊರಗೆ ಯಾರದೋ ಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು. ಆಗ ನನಗೆ ನಮ್ಮ ಗ್ರೂಪಿನ ನೆನಪಾಯಿತು. ಅಂಕಲ್ ಕಳಿಸಿದ ಎಲ್ಲ ಮಾತುಗಳೂ ನನ್ನ ಫೋನಿನಲ್ಲಿದ್ದವು; ನಾನು ಏನನ್ನೂ ಅಳಿಸುವವಳಲ್ಲ, ನನ್ನ ಮಗಳು ಅದಕ್ಕೇ ನಗುತ್ತಾಳೆ. ಹಿಂದಕ್ಕೆ, ಹಿಂದಕ್ಕೆ ಸರಿಸುತ್ತಾ ಹೋಗಿ ಆಂಟಿ ಇದ್ದ ಕಾಲದ್ದೊಂದನ್ನು ಹುಡುಕಿ, ಮೇಜಿನ ಮೇಲಿಟ್ಟು ಒತ್ತಿದೆ.

"ಹಲೋ, ನಾನು ಮಾತಾಡ್ತಿರೋದು. ಇವತ್ತಿನ ಪಿಚರ್ ಐದನೇ ಇನ್ನಿಂಗ್ಸ್‌ಗೇ ಸುಸ್ತಾಗಿಬಿಟ್ಟ..."

ದೂರದಿಂದ, ಅಡುಗೆಮನೆಯಿಂದ, "ಐದಲ್ಲ ರೀ, ನಾಲ್ಕು. ಹೇಳೋದಾದ್ರೆ ಸರಿಯಾಗಿ ಹೇಳಿ. ಹಾಲು ಉಕ್ತಿದೆ, ಬನ್ನಿ ಇಲ್ಲಿ."

ಅಂಕಲ್ ತಟ್ಟನೆ ಬೆರಳೆತ್ತಿದರು. "ಅಲ್ಲಿ! ಕೇಳಿಸ್ತಾ? ಇನ್ನೊಂದ್ಸಲ ಹಾಕು."

ಹಾಕಿದೆ. 'ಸರಿಯಾಗಿ ಹೇಳಿ' ಆದ ಮೇಲೆ, 'ಹಾಲು' ಅನ್ನುವುದಕ್ಕೆ ಮುಂಚೆ, ಒಂದು ಸಣ್ಣ ಎಳೆತ. ಉಬ್ಬಸದವರು ಮಾತಿನ ನಡುವೆ ಎಳೆದುಕೊಳ್ಳುವ ಉಸಿರು, ಕೊನೆಯಲ್ಲಿ ಸಿಳ್ಳೆಯಂಥ ಸದ್ದು. ನಾನು ಎಷ್ಟು ಸಲ ಕೇಳಿದ್ದರೂ ಗಮನಿಸಿರಲೇ ಇಲ್ಲ. ಅಂಕಲ್ ಕಣ್ಣು ಮುಚ್ಚಿದ್ದರು. "ಇದು," ಎಂದರು. "ಇದು ಅವಳು."

ಮಧ್ಯಾಹ್ನವಿಡೀ ಅದೇ ಕೆಲಸ. ಹಾಲು ಉಕ್ಕಿದ್ದು, ಮಗಳಿಗೆ ಫೋನ್ ಮಾಡಲು ಮರೆತದ್ದು, ಟೀಮಿನ ಹೊಸ ಕೋಚಿನ ಮೀಸೆ, ಹುಡುಗರ ಅಪ್ಪಂದಿರು. ಆಂಟಿ ನಾವು ನೆನೆಸಿಕೊಂಡಿದ್ದಕ್ಕಿಂತ ಸಿಡುಕಿನವರಾಗಿದ್ದರು. ಒಂದರಲ್ಲಿ, "ಆ ಹುಬ್ಬಳ್ಳಿ ಹುಡುಗನಿಗೆ ಆಟ ಏನೂ ಗೊತ್ತಿಲ್ಲ, ಸುಮ್ನೆ ಕೂಗ್ತಾನೆ," ಎಂದಿದ್ದರು. ಅದು ಗ್ರೂಪಿಗೆ ಬಂದಾಗಲೇ ಎಲ್ಲರೂ ಕೇಳಿದ್ದೆವು, ಮರೆತಿದ್ದೆವು. ಅವನೇ ಮೊದಲು ನಕ್ಕ, ನಗುತ್ತಾ ಕಣ್ಣೊರೆಸಿಕೊಂಡ. ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆ ಅವನು ಅಪ್ಪನ ವಿಡಿಯೋದ ವಿಷಯ ತಾನಾಗಿಯೇ ಹೇಳಿದ. "ನಾನೂ ಅಳಿಸಿಬಿಡ್ಲೇನ್ರಿ ಅಂಕಲ್?"

"ಅಳಿಸು ಅಂತ ನಾನ್ಯಾಕೆ ಹೇಳ್ಲಿ? ನಿಂಗೆ ಅದ್ರಿಂದ ಸಮಾಧಾನ ಸಿಕ್ಕಿದ್ರೆ ಅದು ನಿನ್ನ ವಿಷಯ. ನಿಮ್ಮಪ್ಪನ ನಿಜವಾದ ದನಿ ಎಲ್ಲಾದ್ರೂ ಇದ್ಯಾ?"

"ನಮ್ಮಕ್ಕನ ಮದುವಿ ವಿಡಿಯೋದಾಗ ಇರಬೇಕ್ರಿ. ಬೀಗರ ಜೋಡಿ ಜಗಳಾಡೀರು."

"ತರಿಸ್ಕೊ ಮತ್ತೆ. ಅದನ್ನೂ ಕೇಳು."

ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಹತ್ತಿರದ ಸಬರ್ಬ್‌ನಲ್ಲಿ ಬೇಸ್‌ಬಾಲ್ ಮೈದಾನವಿದೆ ಎಂದು ಅಂಕಲ್‌ಗೆ ಗೊತ್ತಿತ್ತು, ಆದರೆ ಇಷ್ಟು ವರ್ಷ ಒಮ್ಮೆಯೂ ಹೋಗಿರಲಿಲ್ಲ. "ಅಲ್ಲೇನಿದೆ ನೋಡೋಕೆ, ಲೋಕಲ್ ಕ್ಲಬ್ಬಿನೋರು ಆಡ್ತಾರೆ," ಎಂದು ಹೇಳುತ್ತಲೇ ಕಾರಿನ ಕೀ ತಗೊಂಡರು. ಅಲ್ಲಿ ತಂತಿಬಲೆಯ ಹಿಂದೆ ಮರದ ಮೆಟ್ಟಿಲುಗಳಂಥ ಆಸನ, ಸಾಸೇಜ್ ಸುಡುವ ಹೊಗೆ, ಮಗುವಿನ ತಳ್ಳುಗಾಡಿಗಳು. ಆಡುತ್ತಿದ್ದವರಲ್ಲಿ ಕೆಲವರಿಗೆ ಹೊಟ್ಟೆ ಬಂದಿತ್ತು. ನಾನು ಮೈದಾನದಲ್ಲಿ ಕೂತು ಆ ಆಟ ನೋಡಿದ್ದು ಅದೇ ಮೊದಲು. ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಿದ್ದಾಗ ಆಗುವ ಸದ್ದು ಫೋನಿನಲ್ಲಿ ಕೇಳಿದ್ದಕ್ಕಿಂತ ಎಷ್ಟೋ ದೊಡ್ಡದು. ಪ್ರತಿ ಸಲವೂ ಬೆಚ್ಚುತ್ತಿದ್ದೆ. ದೂರದ ಮೂಲೆಯಲ್ಲಿ ನಿಂತಿದ್ದ ಬಿಳಿಗಡ್ಡದವರೊಬ್ಬರು ಎತ್ತರಕ್ಕೆ ಹೋದ ಚೆಂಡಿಗೆ ಕೈ ಚಾಚಿ, ಕಾಲು ತೊಡರಿ, ಕೂತುಬಿಟ್ಟರು. ಚೆಂಡು ಅವರ ಹಿಂದೆ ಬಿತ್ತು. ಹುಬ್ಬಳ್ಳಿಯವನು ಎದ್ದುನಿಂತು, "ಬಿಟ್ಟ ನೋಡ್ರಿ!" ಎಂದು ಕೂಗಿದ. ಆಂಟಿಯ ಮಾತು ಮೂವರಿಗೂ ಒಟ್ಟಿಗೆ ನೆನಪಾಗಿ ಮತ್ತೆ ನಗು.

ಅಮೆರಿಕದ ಭಾನುವಾರದ ಸಂಜೆ ನಮ್ಮ ಸೋಮವಾರದ ಬೆಳಿಗ್ಗೆ. ನಾನು ರಜೆ ಹಾಕಿದ್ದೆ, ಅವನು ಲ್ಯಾಪ್‌ಟಾಪ್ ತೆರೆದಿಟ್ಟು ವರ್ಕ್ ಫ್ರಮ್ ಹೋಮ್ ಎಂದಿದ್ದ. ಅಂಕಲ್ ಟಿವಿಯ ಮುಂದೆ ದೋಸೆ ಹಾಕಿಕೊಂಡು ಕೂತರು. ಹೆಸರುಗಳು ಒಂದೊಂದಾಗಿ ಬಂದವು. ಹುಬ್ಬಳ್ಳಿಯವನು ಯಾವುದೋ ಹುಡುಗ ಹಿತ್ತಲಲ್ಲಿ ಆಡುವ ವಿಡಿಯೋ ಹುಡುಕಿ ಫೋನ್ ಚಾಚಿದ. "ಇವರಪ್ಪ ಭಾಳ ಸಮಾಧಾನದ ಮನಷ್ಯಾ ಅನಸ್ತದ್ರಿ."

"ಅದು ನಿಜಾನಾ?" ಎಂದರು ಅಂಕಲ್.

ಅವನು ಫೋನನ್ನು ಹತ್ತಿರಕ್ಕೆ ಹಿಡಿದು ನೋಡಿ, ದೂರ ಹಿಡಿದು ನೋಡಿ, "ಗೊತ್ತಾಗವಲ್ತ್ರಿ," ಎಂದು ಒಪ್ಪಿಕೊಂಡ.

ನಮ್ಮ ಟೀಮಿನ ಎರಡನೆಯ ಸರದಿಗೆ ಒಬ್ಬ ಕಾಲೇಜು ಹುಡುಗನ ಹೆಸರು ಬಂತು. ಟಿವಿಯಲ್ಲಿ ಅವನ ಮನೆಯ ಹಾಲ್ ನೇರವಾಗಿ ತೋರಿಸಿದರು. ಎಲ್ಲರೂ ಎದ್ದು ಕುಣಿಯುತ್ತಿದ್ದಾರೆ, ಹುಡುಗನನ್ನು ಅಪ್ಪಿಕೊಳ್ಳುತ್ತಿದ್ದಾರೆ. ಸೋಫಾದ ತುದಿಯಲ್ಲಿ ಒಬ್ಬ ಅಜ್ಜಿ ಮಾತ್ರ ತಟ್ಟೆ ಹಿಡಿದು ಏನನ್ನೋ ತಿನ್ನುತ್ತಲೇ ಇದ್ದರು. ಯಾರೋ ಬಗ್ಗಿ ಕಿವಿಯಲ್ಲಿ ಹೇಳಿದರು. ಅವರು ಆಗಲಿ ಎಂಬಂತೆ ತಲೆಯಾಡಿಸಿ, ಮತ್ತೊಂದು ತುತ್ತು ಬಾಯಿಗಿಟ್ಟರು.

"ಆ ಅಜ್ಜಿ ನೋಡ್ರಮ್ಮ!" ಎಂದು ಅಂಕಲ್ ದೋಸೆ ಹಿಡಿದ ಕೈಯಿಂದಲೇ ತೋರಿಸಿದರು. "ಅದನ್ನ ಯಾರೂ ಹೇಳಿ ಮಾಡಿಸಿದ್ದಲ್ಲ. ಮುಗೀತು. ಈ ಸಲ ನಮ್ಮವಳ ಪಾಲಿನ ಹುಡುಗ ಇವನೇ."

ತಮ್ಮ ಪಾಲಿಗೆ ಪಂಡಿತರು ಹೊಗಳಿದ ಒಬ್ಬನನ್ನು ಆರಿಸಿಕೊಂಡರು. ನಾವಿಬ್ಬರೂ ಒಬ್ಬೊಬ್ಬನನ್ನು ಆರಿಸಿದೆವು. ಆ ಮಧ್ಯಾಹ್ನ ಹೊರಡುವಾಗ ಅಂಕಲ್ ಹುಬ್ಬಳ್ಳಿಯವನ ಭುಜದ ಮೇಲೆ ಕೈಯಿಟ್ಟು, "ನೀನು ಪ್ರೀತಿಯಿಂದ ಮಾಡಿದ್ದು ಕಣಯ್ಯ, ಅದು ನಂಗೆ ಗೊತ್ತು," ಎಂದರು. 

ಎಡಗೈ ಹುಡುಗನನ್ನು ಟೀಮು ಆ ಸೀಸನ್ನಿನ ಕೊನೆಗೆ ಕೈಬಿಟ್ಟಿತು. ಈ ಸಲದ್ದು ನಿಜವಾದ ಸುದ್ದಿ. ಅಳುವಿನ ವಿಡಿಯೋ ಏನೂ ಇರಲಿಲ್ಲ. ಇನ್ನೂ ಕೆಲವರ ಹೆಸರುಗಳ ಜೊತೆ ಒಂದೇ ಒಂದು ಸಾಲು. ಅಂಕಲ್‌ಗೆ ಹೇಗೆ ಹೇಳುವುದೆಂದು ನಾವು ಬೆಂಚಿನ ಮೇಲೆ ಕೂತು ಚರ್ಚಿಸುತ್ತಿರುವಾಗಲೇ ಅವರದು ಬಂತು. "ಹಲೋ, ನಾನು ಮಾತಾಡ್ತಿರೋದು. ನಮ್ಮ ಎಡಗೈನೋನು ಊರಿಗೆ ವಾಪಸ್ ಹೋದ. ಒಳ್ಳೇ ಅಪ್ಪ ಇದಾರೆ, ನೋಡ್ಕೋತಾರೆ."

ಅಂಕಲ್ ಈಗ ಭಾನುವಾರದ ಹೊತ್ತು ಫೋನ್ ಎತ್ತುವುದಿಲ್ಲ. ಕ್ಲಬ್ಬಿನ ಮೈದಾನದಲ್ಲಿರುತ್ತಾರೆ. ಅಲ್ಲಿಯವರು ಅವರನ್ನು ಡಾಕ್ ಎನ್ನುತ್ತಾರಂತೆ. ಯಾರದೋ ಮೊಣಕಾಲು, ಯಾರದೋ ರಕ್ತದೊತ್ತಡ ಎಲ್ಲ ಇವರ ಹತ್ತಿರ ಬರುತ್ತದಂತೆ. ಹೋದ ತಿಂಗಳು ಸಂಜೆ ತಾವೇ ಫೋನ್ ಮಾಡಿ, ಸ್ಕೋರ್‌ಬೋರ್ಡಿನಲ್ಲಿ ಅಂಕಿಯ ಹಲಗೆ ತೂಗುಹಾಕುವ ಕೆಲಸ ತಮಗೆ ಕೊಟ್ಟಿದ್ದಾರೆಂದು ಹೇಳಿದರು.

"ಏಣಿ ಗೀಣಿ ಹತ್ತಬೇಡಿ ಅಂಕಲ್," ಎಂದೆ.

"ಏಣಿ ಯಾಕಮ್ಮ? ನನ್ನ ಎದೆ ಮಟ್ಟಕ್ಕಿದೆ ಅದು. ಒಂಬತ್ತರ ಹಲಗೆ ಮಾತ್ರ ಕಳೆದುಹೋಗಿದ್ಯಂತೆ, ಆರನ್ನೇ ತಲೆಕೆಳಗೆ ಮಾಡಿ ಹಾಕ್ತೀವಿ."